ಎಂಟೂವರೆ ಲಕ್ಷ ಪೈಲಟ್‌ಗಳು ಎಲ್ಲಿದ್ದಾರೆ?

ಅಮೆರಿಕದ ನಾಗರಿಕ ವಿಮಾನಯಾನವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಎ ವರ್ಷಕ್ಕೊಂದು ಕೋಷ್ಟಕ ಹೊರಡಿಸುತ್ತದೆ. ಡಿಸೆಂಬರ್ 31ಕ್ಕೆ ದೇಶದಲ್ಲಿ ಎಷ್ಟು ಜನ ಪೈಲಟ್‌ಗಳಿದ್ದರು ಎನ್ನುವ ಲೆಕ್ಕ ಅದರಲ್ಲಿರುತ್ತದೆ. 1980ರಲ್ಲಿ ಆ ಲೆಕ್ಕ 8.27 ಲಕ್ಷ ಮುಟ್ಟಿತ್ತು. ಆಮೇಲೆ ಇಳಿಯುತ್ತಾ ಇಳಿಯುತ್ತಾ 2016ರಲ್ಲಿ 5.84 ಲಕ್ಷಕ್ಕೆ ಬಂತು. ಅಲ್ಲಿಂದ ದಿಕ್ಕು ಬದಲಾಗಿ 2024ರ ಕೊನೆಗೆ 8.48 ಲಕ್ಷವಾಯಿತು. ನಲವತ್ತನಾಲ್ಕು ವರ್ಷ ಯಾರೂ ಮುಟ್ಟದಿದ್ದ ದಾಖಲೆ ಮುರಿಯಿತು. ಸಣ್ಣ ವಿಮಾನಗಳ ಪರವಾಗಿ ಸಂಸತ್ತಿನ ಬಾಗಿಲು ತಟ್ಟುವವರಿಗೆ, ತರಬೇತಿ ಶಾಲೆ ನಡೆಸುವವರಿಗೆ, ಹಾರಾಟದ ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು?

ಸುದ್ದಿ ನಿಜವಾಗಿದ್ದರೆ ಅದರ ಗುರುತು ಬೇರೆ ಕಡೆಯೂ ಕಾಣಬೇಕಿತ್ತು. ಪಿಸ್ಟನ್ ಎಂಜಿನ್‌ನ ಸಣ್ಣ ವಿಮಾನಗಳು ಕುಡಿಯುವುದು ಏವ್‌ಗ್ಯಾಸ್ ಎಂಬ ವಿಶೇಷ ಪೆಟ್ರೋಲು. ಅದರ ಬಳಕೆ ಇಂದು ಅಮೆರಿಕದಲ್ಲಿ 1980ರಲ್ಲಿ ಇದ್ದುದರ ಅರ್ಧವೂ ಇಲ್ಲ. 1978ರ ಒಂದೇ ವರ್ಷದಲ್ಲಿ ಅಲ್ಲಿನ ಕಾರ್ಖಾನೆಗಳು 17,811 ಸಣ್ಣ ವಿಮಾನಗಳನ್ನು ಮಾರಿದ್ದವು. 1994ರಲ್ಲಿ ಆ ಸಂಖ್ಯೆ 928ಕ್ಕೆ ಬಿದ್ದು, ಆಮೇಲೆ ಚೇತರಿಸಿಕೊಂಡರೂ ಹಳೆಯ ಮಟ್ಟದ ಹತ್ತಿರಕ್ಕೂ ಹೋಗಿಲ್ಲ. ಹಾರುವವರು ದಾಖಲೆ ಮುರಿಯುವಷ್ಟಿದ್ದಾರೆ, ಉರಿಯುವ ಪೆಟ್ರೋಲು ಮಾತ್ರ ಅರ್ಧಕ್ಕೂ ಕಡಿಮೆ. ಎಂಜಿನ್‌ಗಳು ಅಷ್ಟೊಂದು ಮಿತವ್ಯಯಿ ಆಗಿಲ್ಲ ಎಂಬುದು ಯಾವ ಮೆಕ್ಯಾನಿಕ್‌ಗೂ ಗೊತ್ತು. ಈಗಲೂ ಹಾರುತ್ತಿರುವ ಸೆಸ್ನಾ ಕಂಪನಿಯ ಸಾವಿರಾರು ಸಣ್ಣ ವಿಮಾನಗಳು 1980ರ ಆಸುಪಾಸಿನ ಕಾಲದವೇ.

ಹಾಗಾದರೆ ಕೋಷ್ಟಕ ಸುಳ್ಳು ಹೇಳುತ್ತಿದೆಯೇ? ಇಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆ, ಅದು ಉತ್ತರಿಸುತ್ತಿರುವ ಪ್ರಶ್ನೆಯೇ ಬೇರೆ. ಕೋಷ್ಟಕದ ಸಾಲುಗಳನ್ನು ಬಿಡಿಸಿ ನೋಡಿದರೆ ವಿಷಯ ತಿಳಿಯುತ್ತದೆ. ವಿದ್ಯಾರ್ಥಿ ಪೈಲಟ್, ಖಾಸಗಿ ಪೈಲಟ್, ವಾಣಿಜ್ಯ ಪೈಲಟ್, ಏರ್‌ಲೈನ್ ಪೈಲಟ್ ಎಂದು ಅದರಲ್ಲಿ ಮೆಟ್ಟಿಲುಗಳಿವೆ. 2024ರ 8.48 ಲಕ್ಷದಲ್ಲಿ ಸುಮಾರು 3.45 ಲಕ್ಷ ಜನ ಮೊದಲ ಮೆಟ್ಟಿಲಿನವರು, ಅಂದರೆ ವಿದ್ಯಾರ್ಥಿಗಳು. ಐವರಲ್ಲಿ ಇಬ್ಬರು. ಅವರನ್ನು ತೆಗೆದಿಟ್ಟರೆ ಉಳಿಯುವುದು ಐದು ಲಕ್ಷದ ಆಸುಪಾಸು. 1980ರ ಲೆಕ್ಕದಿಂದಲೂ ವಿದ್ಯಾರ್ಥಿಗಳನ್ನು, ಆಗ ಅವರು ಸುಮಾರು 2 ಲಕ್ಷ, ತೆಗೆದಿಟ್ಟರೆ ಉಳಿಯುವುದು 6.27 ಲಕ್ಷ. ದಾಖಲೆ ಮುರಿದಿಲ್ಲ. ಕಲಿತು ಮುಗಿಸಿದ ಪೈಲಟ್‌ಗಳು ಐವರಿದ್ದ ಕಡೆ ನಾಲ್ವರಾಗಿದ್ದಾರೆ. ಅಷ್ಟರಲ್ಲಿ ದೇಶದ ಜನಸಂಖ್ಯೆ 22 ಕೋಟಿ ಚಿಲ್ಲರೆಯಿಂದ 33 ಕೋಟಿ ದಾಟಿದೆ.

ವಿದ್ಯಾರ್ಥಿಗಳ ಸಾಲು ಹೀಗೆ ಊದಿಕೊಂಡ ಬಗೆ ಸ್ವಾರಸ್ಯಕರ. ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಅಮೆರಿಕದಲ್ಲಿ ವಿಮಾನ ಕಲಿಯಲು ಹೊರಟವನು ಬಹಳ ಕಾಲ ಮೊದಲು ಹೋಗುತ್ತಿದ್ದುದು ಡಾಕ್ಟರ ಬಳಿಗೆ. ಎಫ್‌ಎಎ ಮಾನ್ಯತೆ ಪಡೆದ ವೈದ್ಯರು ಪರೀಕ್ಷೆ ಮಾಡಿ ಒಂದು ಕಾಗದ ಕೊಡುತ್ತಿದ್ದರು. ವೈದ್ಯಕೀಯ ಸರ್ಟಿಫಿಕೇಟೂ ಅದೇ, ವಿದ್ಯಾರ್ಥಿ ಪೈಲಟ್ ಎನ್ನುವುದಕ್ಕೆ ಪ್ರಮಾಣಪತ್ರವೂ ಅದೇ. ವೈದ್ಯಕೀಯ ಅವಧಿ ಮುಗಿದ ದಿನ ವಿದ್ಯಾರ್ಥಿತನವೂ ಮುಗಿಯುತ್ತಿತ್ತು. 1980ರ ಹೊತ್ತಿಗೆ ಈ ಅವಧಿ 24 ತಿಂಗಳು. ನಾಲ್ಕು ಪಾಠಕ್ಕೇ ದುಡ್ಡು ಮುಗಿದು ಬಿಟ್ಟವನು, ಹೆಂಡತಿ ಬೇಡವೆಂದಳೆಂದು ಬಿಟ್ಟವನು, ಹೊಟ್ಟೆ ತೊಳಸುತ್ತದೆಂದು ಬಿಟ್ಟವನು ಎಲ್ಲರೂ ಎರಡು ವರ್ಷಕ್ಕೆ ತಮ್ಮಷ್ಟಕ್ಕೆ ಲೆಕ್ಕದಿಂದ ಹೊರಬೀಳುತ್ತಿದ್ದರು. ಯಾರೂ ಯಾರಿಗೂ ಅರ್ಜಿ ಹಾಕಬೇಕಿರಲಿಲ್ಲ. ಹರಿದು ಬರುವಷ್ಟೇ ಹರಿದು ಹೋಗುತ್ತಿದ್ದುದರಿಂದ ಆ ಸಾಲಿನ ಅಂಕಿ ನಂಬಲು ಯೋಗ್ಯವಾಗಿತ್ತು.

ಕಾಲಕ್ರಮದಲ್ಲಿ ನಲವತ್ತು ವರ್ಷದೊಳಗಿನವರಿಗೆ ವೈದ್ಯಕೀಯ ಅವಧಿಯನ್ನು ಮೊದಲು 36 ತಿಂಗಳಿಗೆ, 2008ರಲ್ಲಿ 60 ತಿಂಗಳಿಗೆ ಹೆಚ್ಚಿಸಿದರು. 2010ರಲ್ಲಿ ವಿದ್ಯಾರ್ಥಿ ಪ್ರಮಾಣಪತ್ರದ ಅವಧಿಯನ್ನೂ ಅದಕ್ಕೆ ಸರಿಹೊಂದಿಸಿದರು. ಫಲ ಏನಾಯಿತು ನೋಡಿ. 2009ರ ಕೊನೆಗೆ ವಿದ್ಯಾರ್ಥಿಗಳು 72,280, 2010ರ ಕೊನೆಗೆ 1,19,119. ಒಂದೇ ವರ್ಷದಲ್ಲಿ ನಲವತ್ತಾರು ಸಾವಿರಕ್ಕೂ ಹೆಚ್ಚು ಏರಿಕೆ! ಒಟ್ಟು ಪೈಲಟ್‌ಗಳ ಸಂಖ್ಯೆ 5.94 ಲಕ್ಷದಿಂದ 6.27 ಲಕ್ಷಕ್ಕೆ ಹತ್ತಿತು. ಅದು ಜಗತ್ತೇ ಆರ್ಥಿಕ ಕುಸಿತದಿಂದ ಮೇಲೇಳಲಾರದೆ ಒದ್ದಾಡುತ್ತಿದ್ದ ವರ್ಷ. ಅಷ್ಟೊಂದು ಅಮೆರಿಕನ್ನರು ಆಗಲೇ ವಿಮಾನ ಕಲಿಯಲು ಓಡಿದರೆಂದು ನಂಬಬೇಕಾದರೆ ಬಹಳ ದೊಡ್ಡ ಮನಸ್ಸು ಬೇಕು. ವಿದ್ಯಾರ್ಥಿಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಅದೇ ವರ್ಷ ಉಳಿದೆಲ್ಲ ಪೈಲಟ್‌ಗಳು ಸೇರಿ ಹದಿಮೂರು ಸಾವಿರಕ್ಕೂ ಹೆಚ್ಚು ಕಡಿಮೆಯಾಗಿದ್ದರು. ಇಳಿದ ವರ್ಷವನ್ನು ಕೋಷ್ಟಕ ಏರಿದ ವರ್ಷವೆಂದು ತೋರಿಸಿತು.

ಇದು ಮುನ್ನುಡಿ ಅಷ್ಟೆ. 2016ರ ಏಪ್ರಿಲ್‌ನಿಂದ ಡಾಕ್ಟರು ಕೊಡುತ್ತಿದ್ದ ಕಾಗದ ನಿಂತುಹೋಯಿತು. ವಿದ್ಯಾರ್ಥಿ ತನ್ನ ಇನ್‌ಸ್ಟ್ರಕ್ಟರ್ ಮೂಲಕ ಅರ್ಜಿ ಹಾಕಬೇಕು, ಸಾರಿಗೆ ಭದ್ರತಾ ಇಲಾಖೆ ಅವನ ಹಿನ್ನೆಲೆ ನೋಡಬೇಕು, ಆಮೇಲೆ ಪ್ಲಾಸ್ಟಿಕ್ ಕಾರ್ಡು ಅಂಚೆಯಲ್ಲಿ ಬರುತ್ತದೆ. ಆ ಕಾರ್ಡಿಗೆ ಕೊನೆಯ ದಿನಾಂಕವಿಲ್ಲ. ಬದಲಾವಣೆಯ ಉದ್ದೇಶ ಭದ್ರತೆ, ಅಂಕಿಅಂಶದ ಗೊಡವೆ ಯಾರ ತಲೆಯಲ್ಲೂ ಇದ್ದಂತಿಲ್ಲ. ಆದರೆ ಹೊರಹೋಗುವ ಬಾಗಿಲು ಅಲ್ಲಿಗೆ ಮುಚ್ಚಿತು. ಮುಂದಿನ ಮೆಟ್ಟಿಲು ಹತ್ತಿದವನು ಮಾತ್ರ ವಿದ್ಯಾರ್ಥಿಗಳ ಸಾಲಿನಿಂದ ಹೋಗುತ್ತಾನೆ, ಕಲಿಕೆ ಬಿಟ್ಟವನು ಅಲ್ಲಿಯೇ ಉಳಿಯುತ್ತಾನೆ. 2016ರಲ್ಲಿ 1.28 ಲಕ್ಷ, 2019ರಲ್ಲಿ 1.97 ಲಕ್ಷ, 2021ರಲ್ಲಿ 2.5 ಲಕ್ಷ, 2023ರಲ್ಲಿ 3.16 ಲಕ್ಷ. ವಿಮಾನಗಳು ನೆಲಕ್ಕಂಟಿದ್ದ ಕೋವಿಡ್ ವರ್ಷದಲ್ಲೂ ಈ ಸಾಲು ಏರಿತು. ಏರದೆ ಅದಕ್ಕೆ ಬೇರೆ ದಾರಿಯೇ ಇಲ್ಲ.

ನಮ್ಮ ಸಾಹಿತ್ಯ ಸಂಘಗಳ ಆಜೀವ ಸದಸ್ಯರ ಪಟ್ಟಿಯನ್ನು ನೋಡಿದವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ಒಮ್ಮೆ ಚಂದಾ ಕಟ್ಟಿದವರ ಹೆಸರು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸಭೆಗೆ ಬರುವವರೆಷ್ಟು, ಪುಸ್ತಕ ಓದುವವರೆಷ್ಟು, ಬದುಕಿರುವವರೆಷ್ಟು ಎಂದು ಪಟ್ಟಿ ಹೇಳುವುದಿಲ್ಲ. ಚುನಾವಣೆ ಬಂದಾಗ ಮಾತ್ರ ಲಕ್ಷಗಳ ಮಾತು ಕೇಳಿಬರುತ್ತದೆ.

ಕಲಿಕೆ ಬಿಡುವವರು ಎಷ್ಟು? ಇದಕ್ಕೆ ಉತ್ತರ ಕೊಟ್ಟವರು ಹಾರಾಟದ ವಿರೋಧಿಗಳೇನಲ್ಲ. 1939ರಲ್ಲಿ ಹುಟ್ಟಿದ, ವಿಮಾನ ಮಾಲೀಕರ ಮತ್ತು ಪೈಲಟ್‌ಗಳ ಅತಿ ದೊಡ್ಡ ಸಂಘವಾದ ಎಒಪಿಎ 2010ರಲ್ಲಿ ಈ ಬಗ್ಗೆ ಅಧ್ಯಯನ ಮಾಡಿಸಿತು. ಕಲಿಯಲು ಶುರುಮಾಡಿದವರಲ್ಲಿ ನೂರಕ್ಕೆ 70ರಿಂದ 80 ಜನ ನಡುವೆಯೇ ಬಿಟ್ಟುಬಿಡುತ್ತಾರೆ ಎಂಬ ಕಹಿ ಮಾತನ್ನು ಅದು ಮುಚ್ಚಿಡದೆ ಹೇಳಿತು. ಇದು ಮೆಚ್ಚಬೇಕಾದ ಕೆಲಸ. ಆದರೆ ಬಿಡುವವರು ಇಷ್ಟು ಎಂದು ಗೊತ್ತಿದ್ದ ಮೇಲೆ, ಬಿಟ್ಟವರನ್ನೂ ಸೇರಿಸಿದ ಮೊತ್ತವನ್ನು ದೇಶದ ಪೈಲಟ್‌ಗಳ ಸಂಖ್ಯೆ ಎಂದು ಯಾರೇ ಹೇಳಲಿ, ನಾಲಿಗೆ ತಡವರಿಸಬೇಕಿತ್ತು.

ಎಫ್‌ಎಎ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. ಕೊನೆಯ ದಿನಾಂಕ ತೆಗೆದುಹಾಕಿದ್ದರಿಂದ ವಿದ್ಯಾರ್ಥಿಗಳ ಸಂಖ್ಯೆ ವರ್ಷವರ್ಷಕ್ಕೆ ಕೂಡುತ್ತಾ ಹೋಗುತ್ತದೆ ಎಂದು ಕೋಷ್ಟಕದ ಅಡಿಟಿಪ್ಪಣಿಯಲ್ಲೇ ಬರೆದಿದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದು ಕಡೆ ಇದೆ. ಮುಂದಿನ ಇಪ್ಪತ್ತು ವರ್ಷಗಳ ವಿಮಾನಯಾನ ಹೇಗಿರುತ್ತದೆಂದು ಅದೇ ಸಂಸ್ಥೆ ಮುನ್ನಂದಾಜು ಪ್ರಕಟಿಸುತ್ತದೆ. 2016ರ ನಿಯಮದ ಬಳಿಕ ಆ ಅಂದಾಜುಗಾರರು ವಿದ್ಯಾರ್ಥಿಗಳ ಸಾಲನ್ನು ಮುಂದಕ್ಕೆ ಎಳೆಯುವುದನ್ನೇ ನಿಲ್ಲಿಸಿದರು. ವಿದ್ಯಾರ್ಥಿ ಸಂಖ್ಯೆಗೂ ಮುಂದಿನ ಮೆಟ್ಟಿಲುಗಳಿಗೂ ಇದ್ದ ಕೊಂಡಿ ಕಳಚಿದೆ, ನಂಬಬಹುದಾದ ಅಂದಾಜು ಮಾಡಲು ಸಾಕಷ್ಟು ಮಾಹಿತಿ ಇಲ್ಲ ಎಂಬುದು ಅವರ ಕಾರಣ. ಅಂಕಿ ಹುಟ್ಟಿಸಿದವರೇ ಅದನ್ನು ಕೆಲಸಕ್ಕೆ ಬಳಸುತ್ತಿಲ್ಲ. ಬಳಸುತ್ತಿರುವವರು ಭಾಷಣಕಾರರು.

ಇನ್ನೂ ಚಿಕ್ಕ ಒಂದು ನಿದರ್ಶನವನ್ನು ಹೇಳಿ ಮುಂದೆ ಹೋಗುತ್ತೇನೆ. ಗ್ಲೈಡರ್ ಹಾರಿಸುವವರಿಗೆ ಅಲ್ಲಿ ವೈದ್ಯಕೀಯ ಸರ್ಟಿಫಿಕೇಟ್ ಕಡ್ಡಾಯವಲ್ಲ. ಬೇರೆ ಅರ್ಹತೆಯಿದ್ದೂ ವೈದ್ಯಕೀಯ ಅವಧಿ ಮುಗಿದಿರುವ ಗ್ಲೈಡರ್ ಪೈಲಟ್‌ಗಳನ್ನು 2002ರಿಂದ ಗ್ಲೈಡರ್ ಸಾಲಿಗೆ ಸೇರಿಸಿ ಎಣಿಸತೊಡಗಿದರು. ಒಂದೇ ವರ್ಷದಲ್ಲಿ ಆ ಸಾಲು ದುಪ್ಪಟ್ಟಿಗೂ ಮೀರಿತು. ಆ ವರ್ಷ ಅಮೆರಿಕದ ಬಾನಿನಲ್ಲಿ ಗ್ಲೈಡರ್‌ಗಳ ಜಾತ್ರೆಯೇನೂ ನಡೆದಿರಲಿಲ್ಲ.

ಈಗ ಖಾಸಗಿ ಪೈಲಟ್‌ಗಳ ಸಾಲಿಗೆ ಬರೋಣ, ಯಾಕೆಂದರೆ ಸಣ್ಣ ವಿಮಾನಗಳ ಪರವಾದ ವಕಾಲತ್ತಿನ ಜೀವ ಇರುವುದು ಅಲ್ಲಿ. ಸಂಬಳಕ್ಕಲ್ಲದೆ ತನ್ನ ಖುಷಿಗೆ, ತನ್ನ ಕೆಲಸಕ್ಕೆ ತಾನೇ ವಿಮಾನ ಹಾರಿಸಿಕೊಂಡು ಹೋಗುವ ರೈತ, ದಂತವೈದ್ಯ, ಶಾಲಾ ಮೇಷ್ಟ್ರು ಎಂಬ ಅಮೆರಿಕದ ಹೆಮ್ಮೆಯ ಚಿತ್ರ ಈ ಸಾಲಿನದು. 1980ರಲ್ಲಿ ಇಂಥವರು 3.57 ಲಕ್ಷ ಇದ್ದರು. ಈಗ 1.7 ಲಕ್ಷದ ಆಸುಪಾಸು, ಅರ್ಧಕ್ಕೂ ಕಡಿಮೆ. ಏವ್‌ಗ್ಯಾಸ್ ಬಳಕೆ ಅರ್ಧಕ್ಕೂ ಕಡಿಮೆಯಾದದ್ದಕ್ಕೂ ಇದಕ್ಕೂ ತಾಳೆ ಹಾಕಿ ನೋಡಬಹುದು. ಅದೇ ಅವಧಿಯಲ್ಲಿ ಏರ್‌ಲೈನ್ ದರ್ಜೆಯ ಪ್ರಮಾಣಪತ್ರ ಉಳ್ಳವರು ಎಪ್ಪತ್ತು ಸಾವಿರದ ಒಳಗಿದ್ದವರು 1.7 ಲಕ್ಷ ದಾಟಿದ್ದಾರೆ. ಹಾರಾಟ ಹವ್ಯಾಸವಾಗಿದ್ದದ್ದು ಉದ್ಯೋಗವಾಗಿದೆ. ಇತ್ತೀಚಿನ ವರ್ಷಗಳಲ್ಲಿ ತರಬೇತಿ ಶಾಲೆಗಳು ತುಂಬಿ ತುಳುಕುತ್ತಿರುವುದು ನಿಜ, ಇನ್‌ಸ್ಟ್ರಕ್ಟರ್‌ಗಳ ಸಂಖ್ಯೆ ಏರಿರುವುದೂ ನಿಜ. ಅದನ್ನು ಅಲ್ಲಗಳೆಯಲು ಹೋದರೆ ನಾನೂ ಇನ್ನೊಂದು ಬಗೆಯ ಉತ್ಪ್ರೇಕ್ಷೆಯನ್ನೇ ಮಾಡಿದಂತಾಗುತ್ತದೆ. ಆದರೆ ಆ ಹುಡುಗ ಹುಡುಗಿಯರು ಕಲಿಯುತ್ತಿರುವುದು ದೊಡ್ಡ ಜೆಟ್‌ನ ಕಾಕ್‌ಪಿಟ್ಟಿಗಾಗಿ. ಊರಾಚೆಯ ಹುಲ್ಲುಗಾವಲಿನ ರನ್‌ವೇ ಉಳಿಸಲು ಅವರು ಬರುವುದಿಲ್ಲ. ಎರಡು ವಿರುದ್ಧ ಚಲನೆಗಳನ್ನು ಒಂದೇ ಮೊತ್ತದಲ್ಲಿ ಕೂಡಿಸಿದಾಗ ಎರಡೂ ಕಾಣಿಸದಂತಾಗುತ್ತವೆ. ಒಟ್ಟು ಸಂಖ್ಯೆಯ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಅದು ದೊಡ್ಡದಾಗಿದೆ ಎನ್ನುವುದಕ್ಕಿಂತ ಅದು ಕುರುಡಾಗಿದೆ ಎನ್ನುವುದು.

ವಕಾಲತ್ತು ವಹಿಸುವವರಿಗೆ ಎರಡು ಕಥೆಗಳ ಅಗತ್ಯ ಒಟ್ಟಿಗೇ ಬೀಳುತ್ತದೆ. ರಾಜಕಾರಣಿಯ ಮುಂದೆ ಹೋದಾಗ ‘ನಾವು ಲಕ್ಷಗಟ್ಟಲೆ ಇದ್ದೇವೆ, ನಮ್ಮನ್ನು ಕೆಣಕಬೇಡಿ’ ಎನ್ನಬೇಕು. ದೇಣಿಗೆ ಕೇಳುವಾಗ ‘ನಾವು ಅಳಿದುಹೋಗುತ್ತಿದ್ದೇವೆ, ಉಳಿಸಿ’ ಎನ್ನಬೇಕು. ಒಟ್ಟು ಸಂಖ್ಯೆ ಮೊದಲನೆಯದಕ್ಕೆ, ಖಾಸಗಿ ಪೈಲಟ್‌ಗಳ ಸಾಲು ಎರಡನೆಯದಕ್ಕೆ. ಇದರಲ್ಲಿ ಮೋಸದ ಉದ್ದೇಶ ಇರಲೇಬೇಕೆಂದಿಲ್ಲ. ಬಹುಮಟ್ಟಿಗೆ ಇದು ಅಭ್ಯಾಸ. ಬೇರೆ ಉದ್ಯಮಗಳ ವಕಾಲತ್ತೂ ಹೀಗೆಯೇ ಇದೆ. ಸಾಮಾನ್ಯ ವಿಮಾನಯಾನದಿಂದ, ಅಂದರೆ ಏರ್‌ಲೈನ್ ಮತ್ತು ಸೇನೆಯ ಹೊರಗಿನ ಹಾರಾಟದಿಂದ, ಅಮೆರಿಕದಲ್ಲಿ 12 ಲಕ್ಷ ಉದ್ಯೋಗ ಎನ್ನುವ ಮಾತನ್ನೇ ತೆಗೆದುಕೊಳ್ಳಿ. ವಿಮಾನದ ಹತ್ತಿರ ಕೆಲಸ ಮಾಡುವವರ ಜೊತೆಗೆ, ಅವರು ಸಂಬಳ ಖರ್ಚು ಮಾಡುವುದರಿಂದ ನಡೆಯುವ ಅಂಗಡಿಗಳ ಕೆಲಸವೂ ಅದರಲ್ಲಿ ಸೇರಿದೆ. ಲೆಕ್ಕದ ವಿಧಾನ ಅರ್ಥಶಾಸ್ತ್ರಕ್ಕೆ ಹೊಸದಲ್ಲ, ಕೇಳುವವನ ಕಿವಿಗೆ ಮಾತ್ರ ಅದು ಬೇರೆ ರೀತಿ ಕೇಳುತ್ತದೆ.

ದೊಡ್ಡ ಸಂಖ್ಯೆ ಕೆಲಸವನ್ನಾದರೂ ಮಾಡುತ್ತದೆಯೇ? 2003ರ ಮಾರ್ಚ್ 30ರ ರಾತ್ರಿ ಷಿಕಾಗೊ ನಗರದ ಮೇಯರ್ ರಿಚರ್ಡ್ ಡೇಲಿ ಮಿಶಿಗನ್ ಸರೋವರದ ದಂಡೆಯ ಮೀಗ್ಸ್ ಫೀಲ್ಡ್ ವಿಮಾನ ನಿಲ್ದಾಣಕ್ಕೆ ಬುಲ್ಡೋಜರ್ ಕಳಿಸಿದರು. ಬೆಳಗಾಗುವಷ್ಟರಲ್ಲಿ ರನ್‌ವೇ ಉದ್ದಕ್ಕೂ ದೊಡ್ಡ ದೊಡ್ಡ ಕತ್ತರಿ ಗುರುತುಗಳನ್ನು ಅಗೆದು ಹಾಕಿದ್ದರು. ಹತ್ತಾರು ವಿಮಾನಗಳು ಅಲ್ಲಿಯೇ ಸಿಕ್ಕಿಹಾಕಿಕೊಂಡಿದ್ದವು. ಆಗ ಕೋಷ್ಟಕದ ಪ್ರಕಾರ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಪೈಲಟ್‌ಗಳಿದ್ದರು. ಆ ಆರು ಲಕ್ಷ ಒಬ್ಬ ಮೇಯರನ ಕೈ ತಡೆಯಲಿಲ್ಲ. ನಿಲ್ದಾಣ ಮತ್ತೆ ತೆರೆಯಲಿಲ್ಲ, ಈಗ ಅಲ್ಲಿ ಉದ್ಯಾನವಿದೆ. ಲಾಸ್ ಏಂಜಲೀಸ್ ಬಳಿಯ ಸಾಂಟಾ ಮೋನಿಕಾ ನಿಲ್ದಾಣದ ವಿಷಯದಲ್ಲೂ ದಶಕಗಳ ಜಗಳದ ಬಳಿಕ 2017ರಲ್ಲಿ ಒಪ್ಪಂದವಾಗಿ, 2028ರ ಕೊನೆಯ ನಂತರ ಅದನ್ನು ಮುಚ್ಚಲು ನಗರಕ್ಕೆ ಅವಕಾಶ ಸಿಕ್ಕಿತು. ಇಂಥ ಊರಿನ ಜಗಳಗಳಲ್ಲಿ ಕೇಳುವ ಪ್ರಶ್ನೆ ದೇಶದಲ್ಲಿ ಎಷ್ಟು ಪೈಲಟ್‌ಗಳು ಎಂಬುದಲ್ಲ. ಇಲ್ಲಿ ಇಳಿಯುವವರು ಎಷ್ಟು, ಆಸ್ಪತ್ರೆಗೆ ರೋಗಿಯನ್ನು ಸಾಗಿಸುವ ವಿಮಾನ ಇಲ್ಲಿಂದ ಏಳುತ್ತದೆಯೇ, ಕಾಳ್ಗಿಚ್ಚು ಆರಿಸುವ ವಿಮಾನಕ್ಕೆ ಇದು ಬೇಕೇ, ಸೀಸ ಬೆರೆತ ಪೆಟ್ರೋಲಿನ ಹೊಗೆ ಪಕ್ಕದ ಶಾಲೆಗೆ ಎಷ್ಟು ಬರುತ್ತದೆ. ಇವಕ್ಕೆ ವಾಷಿಂಗ್ಟನ್ನಿನ ಒಟ್ಟು ಮೊತ್ತದಲ್ಲಿ ಉತ್ತರವಿಲ್ಲ.

ಗೆದ್ದ ಸಂದರ್ಭವೂ ಇದೆ. 2017ರಲ್ಲಿ ಸಂಸದ ಬಿಲ್ ಶುಸ್ಟರ್ ವಾಯು ಸಂಚಾರ ನಿಯಂತ್ರಣವನ್ನು ಸರ್ಕಾರದಿಂದ ತೆಗೆದು ಬೇರೊಂದು ಸಂಸ್ಥೆಗೆ ಒಪ್ಪಿಸುವ ಮಸೂದೆ ತಂದಾಗ ಸಣ್ಣ ವಿಮಾನದವರು ಒಟ್ಟಾಗಿ ಎದುರಿಸಿದರು. ಮರುವರ್ಷ ಅದನ್ನು ಕೈಬಿಡಲಾಯಿತು. ಆ ಗೆಲುವು ಒಟ್ಟು ಸಂಖ್ಯೆಯದು ಎಂದು ನನಗನ್ನಿಸುವುದಿಲ್ಲ. ಪತ್ರ ಬರೆದವರು, ಫೋನ್ ಮಾಡಿದವರು, ತಮ್ಮೂರಿನ ಸಣ್ಣ ನಿಲ್ದಾಣ ಮುಚ್ಚಿಹೋದೀತೆಂದು ಹೆದರಿದ ಗ್ರಾಮೀಣ ಕ್ಷೇತ್ರಗಳ ಪ್ರತಿನಿಧಿಗಳು, ಇವರು ಕೆಲಸ ಮಾಡಿದರು. ಪ್ಲಾಸ್ಟಿಕ್ ಕಾರ್ಡನ್ನು ಮೇಜಿನ ಖಾನೆಯಲ್ಲಿಟ್ಟು ಮರೆತವನು ಪತ್ರ ಬರೆಯುವುದಿಲ್ಲ.

ಏರ್‌ಲೈನ್‌ಗಳ ಲೋಕದಲ್ಲಿ ಅಂಕಿಗಳ ಕುಸ್ತಿ ಇನ್ನೂ ಜೋರು. 2009ರ ಫೆಬ್ರವರಿಯಲ್ಲಿ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದ ಮೇಲೆ ಸಹಪೈಲಟ್ ಆಗಲಿಕ್ಕೂ ಸಾಮಾನ್ಯವಾಗಿ 1,500 ಗಂಟೆ ಹಾರಿರಬೇಕು ಎಂಬ ನಿಯಮ 2013ರಿಂದ ಜಾರಿಗೆ ಬಂತು. ಪ್ರಾದೇಶಿಕ ವಿಮಾನ ಸಂಸ್ಥೆಗಳ ಒಕ್ಕೂಟ ಅಂದಿನಿಂದ ‘ಪೈಲಟ್‌ಗಳು ಸಿಗುತ್ತಿಲ್ಲ, ಸಣ್ಣ ಊರುಗಳು ವಿಮಾನ ಕಳೆದುಕೊಳ್ಳುತ್ತಿವೆ’ ಎನ್ನುತ್ತಿದೆ. ಪೈಲಟ್‌ಗಳ ಕಾರ್ಮಿಕ ಸಂಘ ಎಎಲ್‌ಪಿಎ ‘ಅರ್ಹರು ಬೇಕಾದಷ್ಟಿದ್ದಾರೆ, ಸಂಬಳ ಕೊಡಿ’ ಎನ್ನುತ್ತಿದೆ. ಇಬ್ಬರೂ ತೋರಿಸುವುದು ಎಫ್‌ಎಎ ಅಂಕಿಯನ್ನೇ. ಕೊರತೆ ಎನ್ನುವವರಿಗೆ ಮುಂದೆ ನಿವೃತ್ತರಾಗುವವರ ಪಟ್ಟಿ ಬೇಕು, ಕೊರತೆಯಿಲ್ಲ ಎನ್ನುವವರಿಗೆ ಪ್ರಮಾಣಪತ್ರ ಪಡೆದವರ ಪಟ್ಟಿ ಬೇಕು. ಆದರೆ ಪ್ರಮಾಣಪತ್ರ ಇದ್ದವರೆಲ್ಲ ಏರ್‌ಲೈನ್ ಕೆಲಸಕ್ಕೆ ಬರುವವರಲ್ಲ. ಅವರಲ್ಲಿ ನಿವೃತ್ತಿ ವಯಸ್ಸಾದ 65 ದಾಟಿದವರಿದ್ದಾರೆ, ಕಂಪನಿ ಜೆಟ್ ಹಾರಿಸುವವರಿದ್ದಾರೆ, ಎಫ್‌ಎಎಯಲ್ಲೇ ಕುರ್ಚಿ ಹಿಡಿದವರಿದ್ದಾರೆ, ವಿದೇಶದಲ್ಲಿರುವವರಿದ್ದಾರೆ. 2014ರಲ್ಲಿ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಇದನ್ನು ಪರಿಶೀಲಿಸಿತು. ತಲೆ ಎಣಿಸುವುದಷ್ಟಕ್ಕೇ ನಿಲ್ಲದೆ ಅದು ಸಂಬಳ, ನಿರುದ್ಯೋಗ, ನೇಮಕಾತಿ ಮೂರನ್ನೂ ನೋಡಿ ಕೊರತೆಯ ಸುಳಿವುಗಳು ಮಿಶ್ರವಾಗಿವೆ ಎಂದಿತು. ನಿಜವಾದ ಕೊರತೆಯಿದ್ದರೆ ಸಂಬಳ ಏರಬೇಕು, ಅದು ನೋಡಿದ ಅವಧಿಯಲ್ಲಿ ಬೆಲೆಯೇರಿಕೆ ಕಳೆದರೆ ಸಂಬಳ ಇಳಿದಿತ್ತು. ಇಡೀ ಗಲಾಟೆಯಲ್ಲಿ ನನಗೆ ಸರಿಯೆನಿಸಿದ ವಿಧಾನ ಇದೊಂದೇ.

ಕನ್ನಡದ ಓದುಗನಿಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ. ಫ್ಲಾರಿಡಾ, ಟೆಕ್ಸಸ್, ಅರಿಜೋನಾಗಳ ತರಬೇತಿ ಶಾಲೆಗಳಲ್ಲಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಕಡೆಯ ಮಕ್ಕಳೂ ಕಲಿಯುತ್ತಾರೆ. ಅಲ್ಲಿ ಲೈಸೆನ್ಸ್ ಪಡೆದು, ಇಲ್ಲಿಗೆ ಬಂದು ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಪರೀಕ್ಷೆ ಬರೆದು ಭಾರತದ ಲೈಸೆನ್ಸಿಗೆ ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿ ಕಲಿಯಲು ಹೋಗಿ ಅರ್ಧಕ್ಕೆ ವಾಪಸಾದ ಹುಡುಗನ ವಿದ್ಯಾರ್ಥಿ ಕಾರ್ಡಿಗೂ ಕೊನೆಯ ದಿನಾಂಕವಿಲ್ಲ. ಅವನು ಈಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಿರಬಹುದು. ಅಮೆರಿಕದ ದಾಖಲೆ ಮುರಿದ ಎಂಟೂವರೆ ಲಕ್ಷದಲ್ಲಿ ಅವನದೂ ಒಂದು ಪಾಲು.

ನಮ್ಮಲ್ಲಿ ಓಡಾಡುವ ದೊಡ್ಡ ಅಂಕಿ ಬೇರೆ. ವಿಮಾನ ಸಂಸ್ಥೆಗಳು 1,700ಕ್ಕೂ ಹೆಚ್ಚು ವಿಮಾನಗಳಿಗೆ ಆರ್ಡರ್ ಕೊಟ್ಟಿವೆ, ಮುಂದಿನ 15–20 ವರ್ಷಗಳಲ್ಲಿ 30 ಸಾವಿರ ಪೈಲಟ್‌ಗಳು ಬೇಕು ಎಂಬ ಮಾತು ಸಚಿವರಿಂದ ಹಿಡಿದು ತರಬೇತಿ ಶಾಲೆಗಳ ಜಾಹೀರಾತಿನವರೆಗೆ ಎಲ್ಲ ಕಡೆ ಕೇಳಿಸುತ್ತದೆ. 30 ಸಾವಿರ ಎಂದಾಗ ಎದೆ ಉಬ್ಬುತ್ತದೆ. ಇಪ್ಪತ್ತರಿಂದ ಭಾಗಿಸಿ ನೋಡಿ, ವರ್ಷಕ್ಕೆ 1,500. ಡಿಜಿಸಿಎ 2023ರ ಒಂದೇ ವರ್ಷದಲ್ಲಿ ಕೊಟ್ಟ ವಾಣಿಜ್ಯ ಪೈಲಟ್ ಲೈಸೆನ್ಸ್‌ಗಳು 1,622. ಅಂದರೆ ಬೇಡಿಕೆಯೆಂದು ಹೇಳುವಷ್ಟು ಪೂರೈಕೆ ಈಗಾಗಲೇ ಇದೆ. ಹದಿನೈದೇ ವರ್ಷ ಎಂದುಕೊಂಡರೂ ವರ್ಷಕ್ಕೆ 2,000, ಅಂತರ ಅಷ್ಟೇನೂ ಭೀಕರವಲ್ಲ. ನಿವೃತ್ತಿ, ವಿದೇಶಕ್ಕೆ ಹೋಗುವವರು, ಕ್ಯಾಪ್ಟನ್ ದರ್ಜೆಯ ಅನುಭವಿಗಳ ಅಭಾವ ಇವನ್ನೆಲ್ಲ ಸೇರಿಸಿದರೆ ಲೆಕ್ಕ ಬದಲಾಗುತ್ತದೆ, ಒಪ್ಪುತ್ತೇನೆ. ಆದರೆ ಕ್ಯಾಪ್ಟನ್‌ಗಳ ಕೊರತೆಗೆ 200 ಗಂಟೆ ಹಾರಿ ಹೊಸದಾಗಿ ಲೈಸೆನ್ಸ್ ಪಡೆದವನು ಮದ್ದಲ್ಲ. ಆರ್ಡರ್ ಕೊಟ್ಟ ವಿಮಾನವೆಲ್ಲ ಹೆಚ್ಚುವರಿಯೂ ಅಲ್ಲ, ಎಷ್ಟೋ ಹಳೆಯದರ ಜಾಗಕ್ಕೆ ಬರುತ್ತವೆ. ಕೆಲವು ಬರುವ ಮೊದಲೇ ಸಂಸ್ಥೆಯೇ ಮುಳುಗಿರುತ್ತದೆ. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನೆಲ ಹಿಡಿದಾಗ ಅನುಭವಿ ಪೈಲಟ್‌ಗಳೇ ಬೀದಿಗೆ ಬಂದರು. ಅಂಥ ಕಾಲದಲ್ಲಿ ಹೊಸಬರ ಸಾಲು ವರ್ಷಗಟ್ಟಲೆ ಕದಲುವುದಿಲ್ಲ. ಸಾಲ ಮಾಡಿ, ಸೈಟು ಮಾರಿ ಮಗನನ್ನೋ ಮಗಳನ್ನೋ ಕಳಿಸುವ ತಂದೆ ತಾಯಿ 30 ಸಾವಿರದ ಅಂಕಿಯನ್ನು ಬದಿಗಿಟ್ಟು, ಶಾಲೆಯವರನ್ನು ಒಂದೇ ಮಾತು ಕೇಳಬೇಕು: ಹಿಂದಿನ ಮೂರು ಬ್ಯಾಚಿನಲ್ಲಿ ಎಷ್ಟು ಜನ ಇವತ್ತು ಸಂಬಳಕ್ಕೆ ಹಾರುತ್ತಿದ್ದಾರೆ?

ಡ್ರೋನ್ ಪೈಲಟ್‌ಗಳ ವಿಷಯದಲ್ಲೂ ಇದೇ ಹಾಡು ಶುರುವಾಗಿದೆ. ದೇಶಕ್ಕೆ ಒಂದು ಲಕ್ಷ ಡ್ರೋನ್ ಪೈಲಟ್‌ಗಳು ಬೇಕಾಗುತ್ತಾರೆ ಎಂದು 2022ರಲ್ಲಿ ಆಗಿನ ವಿಮಾನಯಾನ ಸಚಿವರು ಹೇಳಿದ್ದರು. ಅಮೆರಿಕದಲ್ಲಿ 2016ರ ಆಗಸ್ಟಿನಿಂದ ಡ್ರೋನ್ ಪ್ರಮಾಣಪತ್ರ ಕೊಡುತ್ತಿದ್ದಾರೆ, 2023ರ ಕೊನೆಗೇ ಅದು 3.6 ಲಕ್ಷ ದಾಟಿತ್ತು. ಎಫ್‌ಎಎ ಅದನ್ನು ಒಟ್ಟು ಪೈಲಟ್ ಸಂಖ್ಯೆಗೆ ಸೇರಿಸದೆ ಪ್ರತ್ಯೇಕ ಇಟ್ಟಿದೆ, ಪುಣ್ಯ. ಸೇರಿಸಿದ್ದರೆ ಇಷ್ಟು ಹೊತ್ತಿಗೆ ಹನ್ನೆರಡು ಲಕ್ಷದ ಭಾಷಣ ಕೇಳುತ್ತಿದ್ದೆವು.

ಹಾಗಾದರೆ ನಿಜವಾಗಿ ಹಾರುತ್ತಿರುವವರು ಎಷ್ಟು? ಯಾರಿಗೂ ಗೊತ್ತಿಲ್ಲ, ಗೊತ್ತಾಗುವಂತೆ ವ್ಯವಸ್ಥೆಯೂ ಇಲ್ಲ. ಅಮೆರಿಕದಲ್ಲಿ ಪೈಲಟ್ ಪ್ರತಿ 24 ತಿಂಗಳಿಗೊಮ್ಮೆ ಇನ್‌ಸ್ಟ್ರಕ್ಟರ್ ಜೊತೆ ಹಾರಿ ತನ್ನ ಕೌಶಲ ತೋರಿಸಬೇಕು. ಇನ್‌ಸ್ಟ್ರಕ್ಟರ್ ಲಾಗ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು. ಆ ಸಹಿ ಎಫ್‌ಎಎಗೆ ಹೋಗುವುದಿಲ್ಲ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು, ಅದೂ ಅವನ ಲಾಗ್‌ಬುಕ್ಕಿನಲ್ಲೇ ಉಳಿಯುತ್ತದೆ. ಹಾರುವವನನ್ನೂ ಹಾರದವನನ್ನೂ ಬೇರ್ಪಡಿಸುವ ಸಾಕ್ಷ್ಯ ಲಕ್ಷಾಂತರ ಮನೆಗಳ ಕಪಾಟಿನಲ್ಲಿ ಬಿದ್ದಿದೆ. ಇನ್‌ಸ್ಟ್ರಕ್ಟರ್ ಆ ಸಹಿಯನ್ನು ಆನ್‌ಲೈನಿನಲ್ಲಿ ಒಮ್ಮೆ ಒತ್ತಿದರೆ ಸಾಕು, ಎರಡು ವರ್ಷದೊಳಗೆ ನಂಬಬಹುದಾದ ಅಂಕಿ ಕೈಗೆ ಬರುತ್ತದೆ. ವೈದ್ಯಕೀಯ ಸರ್ಟಿಫಿಕೇಟಿಗೆ ಪರ್ಯಾಯವಾಗಿ 2017ರಲ್ಲಿ ಬಂದ ಬೇಸಿಕ್‌ಮೆಡ್ ಪದ್ಧತಿ ಇದು ಸಾಧ್ಯ ಎಂದು ತೋರಿಸಿದೆ. ಅದರಡಿ ಹಾರುವವರು ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪಾಠ ಮುಗಿಸಬೇಕು, ಮುಗಿಸಿದ್ದಕ್ಕೆ ದಾಖಲೆ ಇರುತ್ತದೆ. ಹಾರುವ ಮನಸ್ಸಿಲ್ಲದವನು ಆ ಪಾಠಕ್ಕೆ ಕೂರುವುದಿಲ್ಲ.

ಈ ಸಲಹೆಯನ್ನು ಮೊದಲು ವಿರೋಧಿಸುವವರು ಪೈಲಟ್‌ಗಳೇ ಇರಬಹುದೆಂದು ನನ್ನ ಊಹೆ. ಲಾಗ್‌ಬುಕ್ಕಿನೊಳಗೆ ಸರ್ಕಾರ ಇಣುಕುವುದು ಅವರಿಗೆ ಹಿಡಿಸುವುದಿಲ್ಲ. ಇವತ್ತು ಎಣಿಕೆಗೆಂದು ಕೇಳಿದ್ದು ನಾಳೆ ದಂಡಕ್ಕೆ ಕಾರಣವಾದೀತು ಎಂಬ ಅವರ ಅನುಮಾನದಲ್ಲಿ ಅರ್ಧ ನನಗೂ ಇದೆ. ಹೆಸರಿಲ್ಲದೆ ಬರಿಯ ಸಂಖ್ಯೆ ಕಳಿಸುವ ದಾರಿ ಹುಡುಕಬಹುದು. ಆದರೆ ಎಣಿಸಿಕೊಳ್ಳಲು ಒಪ್ಪದವರು ಎಣಿಕೆಯ ಬಲದಿಂದ ವಾದಿಸುವುದನ್ನೂ ಬಿಡಬೇಕಾಗುತ್ತದೆ.

ಅಷ್ಟರಲ್ಲಿ ಇನ್ನೊಂದು ಕಾರ್ಡಿನ ದಿನಾಂಕವೂ ಅಳಿಸಿಹೋಗಿದೆ. ಇನ್‌ಸ್ಟ್ರಕ್ಟರ್‌ಗಳ ಪ್ರಮಾಣಪತ್ರ ಎರಡು ವರ್ಷಕ್ಕೊಮ್ಮೆ ಮುಗಿಯುತ್ತಿತ್ತು. 2024ರ ಡಿಸೆಂಬರ್ 1ರಿಂದ ಕೊಡುವ ಕಾರ್ಡುಗಳಲ್ಲಿ ಕೊನೆಯ ದಿನಾಂಕ ಇಲ್ಲ. ಪಾಠ ಹೇಳಲು ಇತ್ತೀಚಿನ ಅನುಭವ ಇರಲೇಬೇಕು ಎಂಬ ಷರತ್ತು ಮಾತ್ರ ಉಳಿದಿದೆ. ಎಫ್‌ಎಎ ಕಾರ್ಡನ್ನು ಎಣಿಸುತ್ತದೋ ಷರತ್ತನ್ನು ಎಣಿಸುತ್ತದೋ ಎನ್ನುವುದು ಮುಂದಿನ ಕೋಷ್ಟಕಗಳ ಅಡಿಟಿಪ್ಪಣಿಯಲ್ಲಿರುತ್ತದೆ. ಇನ್‌ಸ್ಟ್ರಕ್ಟರ್‌ಗಳು ದಾಖಲೆ ಮುರಿದರು ಎಂಬ ಸುದ್ದಿ ಕಿವಿಗೆ ಬಿದ್ದಾಗ ನಾನಂತೂ ಮೊದಲು ಅದನ್ನು ಓದುತ್ತೇನೆ.